ಮಗನ ರಕ್ತವನ್ನು ಸಂಶೋಧನೆಗೆ ಕೇಳುತ್ತಿದ್ದಾರೆ, ಕೊಡಲಾ ಬೇಡವಾ?

ಬೆಟಗೇರಿ ಅಪ್ಪ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡ್ಕೋಬೇಡಿ.

ಮಗನಿಗೆ ಆರು ವರ್ಷ, ಬರುವ ಶ್ರಾವಣಕ್ಕೆ ಏಳು ತುಂಬುತ್ತದೆ. ಹೋದ ವರ್ಷ ಬನಶಂಕರಿ ಜಾತ್ರೆ ಮುಗಿಸಿಕೊಂಡು ಬಂದ ಮರುವಾರ, ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿಕೊಂಡಿತ್ತು. ಜಾತ್ರೆಯ ಧೂಳು ಅಂದುಕೊಂಡೆವು. ಸಂಜೆಗೆ ಇಳಿಯಿತು, ಮರುದಿನ ಮತ್ತೆ ಬಂತು. ಓಣಿಯ ಡಾಕ್ಟರು ಅಲರ್ಜಿ ಅಂತ ಸಿರಪ್ ಕೊಟ್ಟರು. ನಾಲ್ಕನೇ ದಿನ ಕಾಲಿಗೂ ಬಾವು. ಸಾಕ್ಸ್ ತೆಗೆದರೆ ಅದರ ಗೆರೆ ಅರ್ಧ ಗಂಟೆಯಾದರೂ ಹೋಗುತ್ತಿರಲಿಲ್ಲ. ಹುಬ್ಬಳ್ಳಿಗೆ ಕರೆದುಕೊಂಡು ಹೋದ ಮೇಲೆ ಗೊತ್ತಾಯಿತು, ನೆಫ್ರೋಟಿಕ್ ಸಿಂಡ್ರೋಮ್ ಅಂತೆ. ಕಿಡ್ನಿಯ ಸಾಣಿಗೆ ಸಡಿಲಾಗಿ ರಕ್ತದ ಪ್ರೋಟೀನು ಮೂತ್ರದಲ್ಲಿ ಹೋಗಿಬಿಡುತ್ತದೆ, ಅದಕ್ಕೇ ಮೈಯೆಲ್ಲ ನೀರು ತುಂಬುತ್ತದೆ ಎಂದು ತಿಳಿಸಿ ಹೇಳಿದರು.

ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಗುಳಿಗೆ ಶುರುವಾಯಿತು. ಆರು ವಾರ ದಿನಾ, ಆಮೇಲೆ ಆರು ವಾರ ದಿನ ಬಿಟ್ಟು ದಿನ. ಎರಡನೇ ವಾರಕ್ಕೇ ಬಾವು ಇಳಿದು ಹುಡುಗ ಮೊದಲಿನ ಹಾಗಾದ. ಆದರೆ ಮುಖ ಹೋಳಿಗೆ ತರಹ ದುಂಡಗಾಯಿತು, ಹಸಿವು ಅಂತ ರಾತ್ರಿ ಎರಡಕ್ಕೆ ಎದ್ದು ಕೂರುತ್ತಿದ್ದ. ಔಷಧಿ ಬಿಟ್ಟ ಮೇಲೆ ಇಲ್ಲಿವರೆಗೆ ಎರಡು ಸಲ ಮರುಕಳಿಸಿದೆ. ಎರಡನೆಯದು ಹೋದ ಸೋಮವಾರ.

ಈಗ ವಿಷಯಕ್ಕೆ ಬರುತ್ತೇನೆ. ಸೋಮವಾರ ಓಪಿಡಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರ್ ಮೇಡಂ ಬಂದರು. ಎಂಡಿ ಓದುತ್ತಿದ್ದಾರಂತೆ, ಅವರ ಥೀಸಿಸ್ ಇದೇ ಕಾಯಿಲೆಯ ಮೇಲೆ. 5 ಎಂಎಲ್ ರಕ್ತ, ಒಂದು ಡಬ್ಬಿ ಮೂತ್ರ ಈಗ ಬೇಕು, ಪ್ರೋಟೀನು ನಿಂತ ಮೇಲೆ ಇನ್ನೊಂದು ಸಲ ಬೇಕು, ಯೂನಿವರ್ಸಿಟಿ ಲ್ಯಾಬಿಗೆ ಹೋಗುತ್ತದೆ ಅಂದರು. ನಾಲ್ಕು ಪುಟದ ಇಂಗ್ಲಿಷ್ ಫಾರ್ಮು ಕೈಗಿಟ್ಟು, "ಇವತ್ತಿನ ಗುಳಿಗೆ ಕೊಡೋ ಮುಂಚೇನೇ ತೆಗೀಬೇಕು ಸರ್, ಸ್ವಲ್ಪ ಬೇಗ ಹೇಳಿ" ಅಂತ ಅವಸರ ಮಾಡಿದರು. ಆ ಅವಸರಕ್ಕೇ ನನಗೆ ಅನುಮಾನ ಬಂತು. ನಮ್ಮವ್ವ ಅಲ್ಲೇ ಬೆಂಚಿನ ಮೇಲೆ ಕೂತವಳು, "ಮೊದ್ಲ ಒಣಗಿದ ಕೂಸು, ಅದರ ರಕ್ತ ತಗೊಂಡ್ ಏನ್ ಮಾಡ್ತಾರ" ಅಂತ ಎದ್ದುಬಿಟ್ಟಳು. ಹೆಂಡತಿ ಕೊಡೋಣ ಅಂದಳು. ನಾನು ಫಾರ್ಮು ಮಡಚಿ ಜೇಬಿಗೆ ಹಾಕಿಕೊಂಡು ಗದಗ ಬಸ್ಸು ಹತ್ತಿದೆ. ಸಹಿ ಮಾಡಿಲ್ಲ. ಗುಳಿಗೆ ಶುರುವಾಗಿದೆ.

ಯಾರಾದರೂ ಹೀಗೆ ಕೊಟ್ಟಿದ್ದೀರಾ? ಕೊಟ್ಟರೆ ನಮಗೇನು?

ಹಳೇ ಹುಬ್ಬಳ್ಳಿ ಹುಲಿ

ಕೊಡಬೇಡಿ. ಥೀಸಿಸ್ ಮುಗಿಯುತ್ತದೆ, ಪದವಿ ಬರುತ್ತದೆ, ಅವರು ಬೆಂಗಳೂರಿಗೆ ಹೋಗಿ ಕ್ಲಿನಿಕ್ ಹಾಕುತ್ತಾರೆ. ನಿಮ್ಮ ಮಗ ಅದೇ ಗುಳಿಗೆ ನುಂಗುತ್ತಿರುತ್ತಾನೆ. ಇಷ್ಟೇ ಕತೆ.

ರಾಣೆಬೆನ್ನೂರಿನವಳು

ಅಣ್ಣಾರೆ, ಮೊದಲು ಒಂದು ಮಾತು. ಹೆದರಬೇಡಿ. ನನ್ನ ಮಗನಿಗೆ ನಾಲ್ಕು ವರ್ಷಕ್ಕೆ ಬಂದಿತ್ತು, ಈಗ ಹದಿಮೂರು. ಒಂಬತ್ತು ಸಲ ಮರುಕಳಿಸಿದೆ. ಕೊನೆಯದು ಆಗಿ ಮೂರು ವರ್ಷ ಆಯಿತು. ಈಗ ಶಾಲೆಯ ಖೋಖೋ ಟೀಮಿನಲ್ಲಿದ್ದಾನೆ. ಗುಳಿಗೆಗೆ ಬಗ್ಗುವ ಮಕ್ಕಳಲ್ಲಿ ಹೆಚ್ಚಿನವರು ದೊಡ್ಡವರಾಗುತ್ತಾ ಇದರಿಂದ ಹೊರಗೆ ಬರುತ್ತಾರೆ, ಕಿಡ್ನಿಯೂ ಉಳಿಯುತ್ತದೆ. ಇದನ್ನು ನನಗೆ ಯಾರೂ ಮೊದಲ ದಿನ ಹೇಳಲಿಲ್ಲ. ಒಂದು ವರ್ಷ ಸುಮ್ನೆ ಅತ್ತೆ.

ನೀವು ಮನೆಯಲ್ಲಿ ಮೂತ್ರ ನೋಡುತ್ತಿದ್ದೀರಾ? ಫಾರ್ಮಿನ ಮಾತು ಆಮೇಲೆ. ನಾನು ಮೊದಲ ಎರಡು ವರ್ಷ ಕಾಯಿಸಿ ನೋಡುತ್ತಿದ್ದೆ. ಬೆಳಗಿನ ಮೊದಲ ಮೂತ್ರ ಟೆಸ್ಟ್ ಟ್ಯೂಬಿನ ಮುಕ್ಕಾಲಿನವರೆಗೆ ಹಾಕಿ, ಇಕ್ಕಳದಲ್ಲಿ ಹಿಡಿದು, ಮೇಲಿನ ಭಾಗ ಮಾತ್ರ ಉರಿಗೆ ತೋರಿಸಬೇಕು. ಪ್ರೋಟೀನು ಇದ್ದರೆ ಮೇಲೆ ಹಾಲು ಒಡೆದ ಹಾಗೆ ಬೆಳ್ಳಗಾಗುತ್ತದೆ, ಕೆಳಗೆ ತಿಳಿಯಾಗೇ ಇರುತ್ತದೆ. ಎರಡು ಹನಿ ವಿನೆಗರ್ ಹಾಕಿ. ಬಿಳಿ ಕರಗಿತು ಅಂದರೆ ಅದು ಪ್ರೋಟೀನಲ್ಲ. ಕರಗದಿದ್ದರೆ ಅದೇ. ಅತ್ತೆ ಒಂದು ದಿನ ಒಲೆ ಹತ್ತಿರ ಬಂದು, "ಏನ್ ಮಾಡಾಕತ್ತಿ" ಅಂತ ಕೇಳಿದರು, ಹೇಳಿದ ಮೇಲೆ ಆ ಬರ್ನರ್ ಮೇಲೆ ಹಾಲು ಕಾಯಿಸುವುದನ್ನೇ ಬಿಟ್ಟರು! ಆಮೇಲೆ ಮೂತ್ರದಲ್ಲಿ ಅದ್ದಿ ನೋಡುವ ಪಟ್ಟಿ ತಂದೆ. ಹಳದಿ ಇದ್ದದ್ದು ಹಸಿರಾದರೆ ಪ್ರೋಟೀನು ಇದೆ ಅಂತ. ಮೂರು ದಿನ ಸತತ ಮೂರು ಪ್ಲಸ್ ಬಂದರೆ ಮರುಕಳಿಸಿದೆ. ಮೂರು ದಿನ ಸತತ ಇಲ್ಲ ಅಂತ ಬಂದರೆ ನಿಂತಿದೆ. ಒಂದು ನೋಟ್‌ಬುಕ್ ಇಡಿ, ತಾರೀಖು ಹಾಕಿ ಬರೆಯಿರಿ. ಮುಖ ಊದುವವರೆಗೆ ಕಾಯುವುದು ಬೇಡ.

ಬೆಟಗೇರಿ ಅಪ್ಪ

ಅಕ್ಕಾ, ನಿಮ್ಮ ಖೋಖೋ ಮಾತು ಓದಿ ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಎದ್ದು ಒಳಗೆ ಹೋದಳು. ಪಟ್ಟಿ ಇವತ್ತೇ ತರುತ್ತೇನೆ.

ಸಾಧನಕೇರಿ ಸಂಜೆ

ನಾನು ಡಾಕ್ಟರ್ ಅಲ್ಲ. ಧಾರವಾಡದಲ್ಲಿ ಜೀವರಸಾಯನ ಓದುತ್ತಿರುವವನು, ಲ್ಯಾಬಿನಲ್ಲಿ ಇನ್ನೊಬ್ಬರ ಮಕ್ಕಳ ರಕ್ತ ನೋಡಿದವನು. ಆ ಮೇಡಂ ಯಾಕೆ ಅವಸರ ಮಾಡಿದರು ಎಂಬುದು ನನಗೆ ಅರ್ಥವಾಗುತ್ತದೆ, ಅದನ್ನು ಅವರೇ ನಿಮಗೆ ಹೇಳಬೇಕಿತ್ತು.

ಈ ಕಾಯಿಲೆ ಯಾಕೆ ಬರುತ್ತದೆ ಅನ್ನುವುದು ತುಂಬಾ ವರ್ಷ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಿಂದೆ ಡಾಕ್ಟರುಗಳು ಒಂದು ವಿಚಿತ್ರ ಗಮನಿಸಿದ್ದರು. ಮೈ ಊದಿದ ಮಗುವಿಗೆ ದಡಾರ ಬಂದು ಹೋದರೆ ಕೆಲವು ಸಲ ಬಾವೂ ಇಳಿದುಬಿಡುತ್ತಿತ್ತು! 1974ರಲ್ಲಿ ಶಾಲ್‌ಹೌಬ್ ಎನ್ನುವವರು ಇದನ್ನೆಲ್ಲ ಜೋಡಿಸಿ, ತಪ್ಪು ಕಿಡ್ನಿಯದಲ್ಲ, ಮೈ ಕಾಯುವ ರಕ್ತಕಣಗಳದ್ದು ಅಂದರು. ದಡಾರ ಆ ಕಣಗಳನ್ನು ತಗ್ಗಿಸುತ್ತದೆ, ಸ್ಟಿರಾಯ್ಡೂ ತಗ್ಗಿಸುತ್ತದೆ, ಎರಡರಿಂದಲೂ ಸೋರಿಕೆ ನಿಲ್ಲುತ್ತದೆ ಎಂಬುದು ಅವರ ಲೆಕ್ಕ.

ಇನ್ನೊಂದು ಕಡೆಯಿಂದ ಫಿನ್ಲೆಂಡಿನವರು ಬಂದರು. ಅಲ್ಲಿ ಹುಟ್ಟಿದಾಗಲೇ ಈ ಸೋರಿಕೆ ಇರುವ ಕೂಸುಗಳು ಬೇರೆ ಕಡೆಗಿಂತ ಜಾಸ್ತಿ. ಅದು ನಿಮ್ಮ ಮಗನದಕ್ಕಿಂತ ಬೇರೆ ಜಾತಿಯ, ತುಂಬಾ ಕಷ್ಟದ ಕಾಯಿಲೆ. ಆ ಮನೆಗಳವರು ರಕ್ತ ಕೊಟ್ಟರು, 1998ರಲ್ಲಿ ಕಾರ್ಲ್ ಟ್ರಿಗ್ವಾಸನ್ ಅವರ ತಂಡ ಕೆಟ್ಟಿದ್ದ ಜೀನನ್ನು ಹಿಡಿಯಿತು. ಅದು ತಯಾರಿಸುವ ಪ್ರೋಟೀನಿಗೆ ನೆಫ್ರಿನ್ ಅಂತ ಹೆಸರಿಟ್ಟರು. ಕಿಡ್ನಿಯ ಸಾಣಿಗೆಯಲ್ಲಿ ಪಕ್ಕಪಕ್ಕದ ಎರಡು ಜೀವಕೋಶದ ಬೆರಳುಗಳನ್ನು ಜಿಪ್ ಹಾಕಿದ ಹಾಗೆ ಹಿಡಿದಿಡುವುದು ಇದೇ.

ಈಗ ಈ ಎರಡು ದಾರಿ ಕೂಡಿದ ಜಾಗಕ್ಕೆ ಬನ್ನಿ. 2024ರಲ್ಲಿ ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯದ ಆಸ್ಪತ್ರೆಯವರ ಮುಂದಾಳತ್ವದಲ್ಲಿ ಒಂದು ಅಧ್ಯಯನ ಬಂತು. ನಿಮ್ಮ ಮಗನಂಥ 182 ಮಕ್ಕಳ ರಕ್ತ ನೋಡಿದರು. 94 ಮಕ್ಕಳಲ್ಲಿ ಆ ನೆಫ್ರಿನ್ ಮೇಲೇ ತಿರುಗಿಬಿದ್ದ ಆ್ಯಂಟಿಬಾಡಿ, ಅಂದರೆ ರೋಗಾಣು ಹಿಡಿಯಲು ಮೈ ಕಾಯುವ ಕಣಗಳು ತಯಾರಿಸುವ ಪ್ರೋಟೀನು, ಸಿಕ್ಕಿತು. ಅಂದರೆ ಸುಮಾರು ಅರ್ಧ. ಆದರೆ ಕಾಯಿಲೆ ಜೋರಾಗಿದ್ದು ಇನ್ನೂ ಔಷಧಿ ಶುರುವಾಗದ ಮಕ್ಕಳನ್ನಷ್ಟೇ ಬೇರೆ ತೆಗೆದು ನೋಡಿದರೆ ನೂರಕ್ಕೆ 90! ಸ್ಟಿರಾಯ್ಡ್ ಹೊಟ್ಟೆಗೆ ಬಿದ್ದು ಕಾಯಿಲೆ ತಗ್ಗುತ್ತಿದ್ದ ಹಾಗೆ ಆ್ಯಂಟಿಬಾಡಿಯೂ ತಗ್ಗುತ್ತದೆ. ಅದಕ್ಕೇ ಗುಳಿಗೆಗೆ ಮುಂಚಿನ ರಕ್ತ ಬೇಕು. ಕಳ್ಳ ಮನೆಯೊಳಗಿದ್ದಾಗಲೇ ಬಾಗಿಲು ಹಾಕಬೇಕಲ್ವಾ.

ಆದ್ದರಿಂದ ಈ ಸಲದ ಅವಕಾಶ ಹೋಯಿತು. ಇನ್ನು ಮುಂದಿನ ಸಲಕ್ಕೆ. ಮುಂದಿನ ಸಲ ಬಾರದೇ ಇರಲಿ.

ಹಳೇ ಹುಬ್ಬಳ್ಳಿ ಹುಲಿ

ಚೆನ್ನಾಗಿ ಹೇಳಿದಿರಿ. ಆದರೆ ಜರ್ಮನಿಯವರು ಹಿಡಿದಾಯಿತಲ್ಲ. ನಮ್ಮ ಗದಗಿನ ಹುಡುಗನ ರಕ್ತ ಇನ್ಯಾಕೆ?

ಸಾಧನಕೇರಿ ಸಂಜೆ

ಹುಲಿ ಅವರೇ, ಒಳ್ಳೆಯ ಪ್ರಶ್ನೆ, ಸಿಟ್ಟಿಲ್ಲ. ಬ್ರಿಟನ್ನಿನಲ್ಲಿ ಲೆಕ್ಕ ಹಾಕಿದಾಗ ದಕ್ಷಿಣ ಏಷ್ಯಾ ಮೂಲದ ಮಕ್ಕಳಲ್ಲಿ ಈ ಕಾಯಿಲೆ ಅಲ್ಲಿನ ಬೇರೆ ಮಕ್ಕಳಿಗಿಂತ ಜಾಸ್ತಿ ಕಂಡಿದೆ. ಡ್ಯೂಕ್ ವಿಶ್ವವಿದ್ಯಾಲಯದವರು 2015ರಲ್ಲಿ ದಕ್ಷಿಣ ಏಷ್ಯಾದ ಮಕ್ಕಳ ಜೀನ್ ನೋಡಿಯೇ ಮೈ ಕಾಯುವ ವ್ಯವಸ್ಥೆಯ ಒಂದು ಜೀನಿಗೂ ಇದಕ್ಕೂ ನಂಟಿದೆ ಅಂತ ತೋರಿಸಿದ್ದು. ಕಾಯಿಲೆ ನಮ್ಮಲ್ಲಿ ಜಾಸ್ತಿ, ಪರೀಕ್ಷೆಯ ರಕ್ತ ಅವರದು ಜಾಸ್ತಿ ಅಂದರೆ ಹೇಗೆ? ಎಲ್ಲ ಮಕ್ಕಳಲ್ಲೂ ಅದೇ ಆ್ಯಂಟಿಬಾಡಿನಾ? ಯಾರಿಗೆ ಮತ್ತೆ ಮತ್ತೆ ಮರುಕಳಿಸುತ್ತದೆ ಅಂತ ಅದರಿಂದ ಮೊದಲೇ ಹೇಳಬಹುದಾ? ಇವು ಕೇಳಬೇಕಾದ ಪ್ರಶ್ನೆಗಳೇ.

ಮುಂಡರಗಿ ಮಾಸ್ತರ

ನನಗೆ ಹುಲಿಯವರ ಮಾತಿನಲ್ಲಿ ಅರ್ಧ ಸತ್ಯ ಕಾಣುತ್ತದೆ. ನನ್ನ ಅನುಭವ ಬೇರೆ ಕಾಯಿಲೆಯದು, ಆದರೂ ಬರೆಯುತ್ತೇನೆ.

ನಾನು ಪ್ರಾಥಮಿಕ ಶಾಲೆ ಮಾಸ್ತರ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಹೊಸ ಮಾತಲ್ಲ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಅದನ್ನು ಕುಡಿಯುವ ಹಾಗಿಲ್ಲ. ಹುಟ್ಟಿದಾಗಿನಿಂದ ಅಂಥ ನೀರು ಕುಡಿದ ಮಕ್ಕಳ ಹಲ್ಲು ಸುಣ್ಣದ ಗೋಡೆಗೆ ಚಹಾ ಚೆಲ್ಲಿದ ಹಾಗೆ ಇರುತ್ತದೆ. ಹಲ್ಲು ಒಸಡಿನೊಳಗೆ ತಯಾರಾಗುವಾಗಲೇ ಬೀಳುವ ಕಲೆ ಅದು, ಉಜ್ಜಿದರೆ ಹೋಗುವುದಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಕಾಲೇಜಿನ ತಂಡ ಬಂತು. ಯಾವ ಕಾಲೇಜು ಅಂತ ಬೇಡ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಈ" ಅನ್ನಿಸಿ ಫೋಟೋ ತೆಗೆದರು. ಮೂತ್ರ ಬೇಕು ಅಂದರು. ಮಕ್ಕಳಿಗೆ ಡಬ್ಬಿ ಕೊಟ್ಟು ಕಳಿಸಿದವನು ನಾನು, ಡಬ್ಬಿ ಮೇಲೆ ಹೆಸರು ಬರೆದವನು ನಾನು. ನನ್ನದು ಅಕ್ಷರ ಚೆನ್ನಾಗಿದೆ ಅಂತ ನನಗೇ ಕೊಟ್ಟರು. ಅರವತ್ತಕ್ಕೂ ಜಾಸ್ತಿ ಡಬ್ಬಿ. ಹೋಗುವಾಗ ಮಕ್ಕಳಿಗೆ ಒಂದೊಂದು ಬ್ರಷ್ಷು, ಪೇಸ್ಟು ಕೊಟ್ಟು, ತಿಂಗಳೊಳಗೆ ಹೇಳುತ್ತೇವೆ ಸರ್ ಅಂದರು.

ಒಂದು ವಾರ ಆದ ಮೇಲೆ ನಾಲ್ಕನೇ ಇಯತ್ತೆಯ ಹುಡುಗ ಬಂದು ಕೇಳಿದ. "ಸರ್, ನಮ್ಮದು ಪಾಸ್ ಆತೇನ್ರಿ?" ಪರೀಕ್ಷೆಗೆ ಕೊಟ್ಟಿದ್ದೇವೆ ಅಂದಿದ್ದೆನಲ್ಲ, ಅವನ ಲೆಕ್ಕದಲ್ಲಿ ಅದೂ ಒಂದು ಪರೀಕ್ಷೆ. ನಕ್ಕೆ. ಮುಂದಿನ ವಾರ ಮತ್ತೆ ಕೇಳಿದ. ಆಮೇಲೆ ನಾಲ್ಕೈದು ಜನ ಕೇಳತೊಡಗಿದರು. ಆ ತಂಡ ಮತ್ತೆ ಬರಲಿಲ್ಲ. ಫೋನು ಮಾಡಿದೆ, "ಅವರು ಈಗ ಇಲ್ಲಿಲ್ಲ" ಅಂದರು. ಪತ್ರ ಬರೆದೆ, ಉತ್ತರವಿಲ್ಲ. ಆ ಹುಡುಗ ಏಳನೇ ಮುಗಿಸಿ ಹೋದ.

ಸಂಶೋಧನೆ ಬೇಡ ಅನ್ನುತ್ತಿಲ್ಲ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ನಲ್ಗೊಂಡ ಕಡೆ ಮಕ್ಕಳ ಮೊಣಕಾಲು ಒಳಗೆ ಬಾಗುವುದನ್ನು ಬರೆದು ತೋರಿಸಿದ್ದರಿಂದಲೇ ಇದು ಬರೀ ಹಲ್ಲಿನ ಚಂದದ ವಿಷಯ ಅಲ್ಲ ಅಂತ ಎಷ್ಟೋ ಜನರಿಗೆ ಗೊತ್ತಾದದ್ದು. ನಮ್ಮ ಜೋಳದ ಊಟವನ್ನೂ ಬಿಡಲಿಲ್ಲ ಅವರು, ಅದನ್ನು ಉಣ್ಣುವವರ ಮೈಯಲ್ಲಿ ಫ್ಲೋರೈಡ್ ಜಾಸ್ತಿ ಉಳಿಯುತ್ತದೆ ಅಂತಲೂ ಆಮೇಲೆ ಕಂಡುಕೊಂಡರು. ಈಗ ನಮ್ಮೂರಿಗೆ ತುಂಗಭದ್ರೆಯ ನೀರು ಪೈಪಿನಲ್ಲಿ ಬರುತ್ತದೆ. ಅದು ಬಂದಿದ್ದು ಯಾರೋ ಎಲ್ಲೋ ಅಳೆದು ಬರೆದಿದ್ದಕ್ಕೇ ತಾನೇ. ಆದರೆ ಅಳೆದವರು ಅಳೆಸಿಕೊಂಡವರಿಗೆ ಒಂದು ಮಾತು ಹೇಳಿ ಹೋಗಬೇಕು. ನಿಮ್ಮ ಮೇಡಂ ಫಲಿತಾಂಶ ಹೇಳುತ್ತಾರಾ ಕೇಳಿ. ನನಗೆ ಬೇಕಾದ ಪ್ರಶ್ನೆ ಇದೊಂದೇ.

ಹಳೇ ಹುಬ್ಬಳ್ಳಿ ಹುಲಿ

ಮಾಸ್ತರೇ, ನನ್ನ ಪರವಾಗಿ ನನಗಿಂತ ಚೆನ್ನಾಗಿ ಬರೆದಿರಿ.

ಮುಂಡರಗಿ ಮಾಸ್ತರ

ನಿಮ್ಮ ಪರ ಅಲ್ಲ ಹುಲಿ. ನೀವು ಕೊಡಬೇಡಿ ಅನ್ನುತ್ತೀರಿ. ನಾನು ಕೊಟ್ಟು ಬೆನ್ನು ಹತ್ತಿ ಅನ್ನುತ್ತೇನೆ.

ನಡೆಸುವವರು

ಒಂದು ಸೂಚನೆ. ಮಧ್ಯೆ ಇಬ್ಬರು ಆಸ್ಪತ್ರೆ ಮತ್ತು ಡಾಕ್ಟರ್ ಹೆಸರು ಹಾಕಿದ್ದರು, ತೆಗೆದಿದ್ದೇವೆ. ಮಕ್ಕಳ ಫೋಟೋ, ರಿಪೋರ್ಟು ಇಲ್ಲಿ ಹಾಕಬೇಡಿ. ನೀರಿನ ಫ್ಲೋರೈಡ್ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಮಾತಾಡೋಣ.

ಕುರಿಗಾಹಿ ಮೊಮ್ಮಗ

ಶಿರಹಟ್ಟಿ ತಾಲೂಕಿನವನು. ನಮ್ಮಕ್ಕನ ಮಗಳಿಗೂ ಇದೇ ಕಾಯಿಲೆ. ಪದೇ ಪದೇ ಬರುತ್ತದೆ ಅಂತ ಡಾಕ್ಟರು ಲೆವಮಿಸೋಲ್ ಅಂತ ಗುಳಿಗೆ ಬರೆದರು. ನಮ್ಮಜ್ಜನಿಗೆ ಓದು ಅಷ್ಟಕ್ಕಷ್ಟೇ, ಆದರೆ ಕುರಿ ಔಷಧಿ ಹೆಸರು ಮಾತ್ರ ಬಾಯಿಪಾಠ. ನಾನು ಚೀಟಿ ಓದಿದ ಕೂಡಲೇ, "ಯಪ್ಪಾ, ಇದು ನಮ್ಮ ಕುರಿಗೆ ಜಂತಿಗೆ ಕುಡಸೂ ಔಷಧಿ ಅಲ್ಲೇನು!" ಅಂದ. ಮನೆಯಲ್ಲಿ ದೊಡ್ಡ ಗದ್ದಲ. ಅಕ್ಕ ಹದಿನೈದು ದಿನ ಗುಳಿಗೆ ಕೊಡಲೇ ಇಲ್ಲ. ನಿಜಾನಾ ಇದು? ಒಂದೇ ಔಷಧಿನಾ?

ಸಾಧನಕೇರಿ ಸಂಜೆ

ಅಜ್ಜ ಹೇಳಿದ್ದು ನೂರಕ್ಕೆ ನೂರು ನಿಜ. ಅದು ಜಂತಿನ ಔಷಧಿಯೇ, ದನ ಕುರಿಗಳಿಗೆ ಕೊಡುವುದೇ. ಮೈ ಕಾಯುವ ವ್ಯವಸ್ಥೆಯ ಮೇಲೂ ಅದು ಕೆಲಸ ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಡಚ್ ಸಂಶೋಧಕರು ಯೂರೋಪಿನ ಕೆಲವು ದೇಶ ಮತ್ತು ಭಾರತದ ಆಸ್ಪತ್ರೆಗಳನ್ನು ಸೇರಿಸಿಕೊಂಡು 99 ಮಕ್ಕಳ ಮೇಲೆ ಪರೀಕ್ಷೆ ಮಾಡಿದರು, 2018ರಲ್ಲಿ ಪ್ರಕಟವಾಯಿತು. ಅರ್ಧ ಮಕ್ಕಳಿಗೆ ಲೆವಮಿಸೋಲ್, ಅರ್ಧ ಮಕ್ಕಳಿಗೆ ನೋಡಲು ಅದೇ ತರಹದ ಸಪ್ಪೆ ಗುಳಿಗೆ. ಒಂದು ವರ್ಷದ ಮೇಲೆ ಮರುಕಳಿಸದೆ ಉಳಿದವರು ಸಪ್ಪೆ ಗುಳಿಗೆಯವರಲ್ಲಿ ನೂರಕ್ಕೆ 6, ಲೆವಮಿಸೋಲ್‌ನವರಲ್ಲಿ 26. ಮಾಯ ಅಲ್ಲ, ಆದರೆ ಸ್ಟಿರಾಯ್ಡ್ ಕಡಿಮೆ ಮಾಡಿಕೊಳ್ಳಲು ಒಂದು ದಾರಿ.

ವಾರ್ಡಿನ ಸಿಸ್ಟರ್

ಹಾವೇರಿಯಿಂದ. ಕುರಿಗಾಹಿ ಅವರೇ, ದಯವಿಟ್ಟು ಅಜ್ಜನ ಬಾಟಲಿಯಿಂದ ಮಾತ್ರ ಮಗುವಿಗೆ ಹಾಕಬೇಡಿ! ಅಳತೆ ಬೇರೆ. ಈ ಗುಳಿಗೆ ಕೊಡುವಾಗ ಬಿಳಿ ರಕ್ತಕಣ ಕಡಿಮೆ ಆಗಬಹುದು, ಆಗಾಗ ರಕ್ತ ಪರೀಕ್ಷೆ ಮಾಡಿಸಲೇಬೇಕು. ಮತ್ತೆ ಯಾವುದೇ ಮಗುವಿನ ಸ್ಟಿರಾಯ್ಡ್ ಅನ್ನು ಮನೆಯಲ್ಲೇ ತಟ್ಟನೆ ನಿಲ್ಲಿಸಬೇಡಿ.

ಬೆಟಗೇರಿಯವರಿಗೆ: ನಾನು ಹತ್ತಾರು ವರ್ಷದಿಂದ ಮಕ್ಕಳ ವಾರ್ಡಿನಲ್ಲಿ ಇದ್ದೇನೆ, ಒಪ್ಪಿಗೆ ಪತ್ರಕ್ಕೆ ಸಾಕ್ಷಿಯಾಗಿ ಸಹಿ ಹಾಕಿದ್ದೂ ಇದೆ. ಎಂಡಿ ಓದುವ ಪ್ರತಿಯೊಬ್ಬರೂ ಒಂದು ಥೀಸಿಸ್ ಮಾಡಲೇಬೇಕು. ಅದರಲ್ಲಿ ಕೆಲವು ಕೆಲಸಕ್ಕೆ ಬರುತ್ತವೆ, ಕೆಲವು ಕಪಾಟಿಗೆ ಹೋಗುತ್ತವೆ. ಇದನ್ನು ನಾನು ಮುಚ್ಚಿಡುವುದಿಲ್ಲ.

ನಾಲ್ಕು ಪುಟದ ಇಂಗ್ಲಿಷ್ ಫಾರ್ಮಿಗೆ ಸಹಿ ಹಾಕಲೇಬೇಡಿ. ನಿಮಗೆ ತಿಳಿಯುವ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ ಕೊಡುವುದು ಅವರ ಕರ್ತವ್ಯ. ಕಾಲೇಜಿನ ನೈತಿಕ ಸಮಿತಿ ಒಪ್ಪಿದೆಯಾ ಅಂತ ಕೇಳಿ. ಹೊಸ ಔಷಧಿ ಕೊಟ್ಟು ನೋಡುವ ಪರೀಕ್ಷೆಯಾದರೆ 2009ರಿಂದ ಸರ್ಕಾರದ ಸಿಟಿಆರ್‌ಐ ಪಟ್ಟಿಯಲ್ಲಿ ನೋಂದಣಿ ಕಡ್ಡಾಯ. ಅದನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ನಿಮ್ಮದು ಬರೀ ರಕ್ತ, ಮೂತ್ರ ಕೊಡುವುದು, ಔಷಧಿ ಅದೇ ಇರುತ್ತದೆ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ, ನಿಮ್ಮ ತಾಯಿಯವರಿಗೆ ಮೊದಲು ಇದನ್ನೇ ಹೇಳಿ. ಸಹಿ ಹಾಕದಿದ್ದರೂ ಚಿಕಿತ್ಸೆ ಹಾಗೇ ನಡೆಯಬೇಕು. ಹಾಕಿದ ಮೇಲೂ ಯಾವತ್ತು ಬೇಕಾದರೂ ಸಾಕು ಅನ್ನಬಹುದು.

ಕೊನೆಯ ಪುಟ ನೋಡಿ. "ಉಳಿದ ರಕ್ತವನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳಬಹುದೇ" ಅಂತ ಬೇರೆ ಪ್ರಶ್ನೆ ಇದ್ದರೆ ಅದಕ್ಕೆ ಬೇರೆಯಾಗಿಯೇ ಹೌದು ಅಥವಾ ಇಲ್ಲ ಅನ್ನಬಹುದು. ಒಂದಕ್ಕೆ ಒಪ್ಪಿದರೆ ಎಲ್ಲದಕ್ಕೂ ಒಪ್ಪಿದ ಹಾಗಲ್ಲ. ಇನ್ನೊಂದು, ಹೇಗೂ ಆಲ್ಬುಮಿನ್, ಕೊಲೆಸ್ಟ್ರಾಲ್ ಅಂತ ರಕ್ತ ತೆಗೆಯುತ್ತಾರಲ್ಲ. ಅದೇ ಸೂಜಿಯಲ್ಲಿ ಇದನ್ನೂ ತೆಗೆಯಲು ಹೇಳಿ. 5 ಎಂಎಲ್ ಅಂದರೆ ಒಂದು ಟೀ ಚಮಚ. ನಿಮ್ಮ ಮಗನಷ್ಟು ವಯಸ್ಸಿನವನ ಮೈಯಲ್ಲಿ ಒಂದು ಲೀಟರಿಗೂ ಮೇಲೆ ರಕ್ತ ಇರುತ್ತದೆ.

ಶ್ರಾವಣಕ್ಕೆ ಏಳು ತುಂಬುತ್ತದೆ ಅಂದಿರಿ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ನಿಯಮದ ಪ್ರಕಾರ ಏಳು ದಾಟಿದ ಮಗುವನ್ನೂ ಕೇಳಬೇಕು, ಬಾಯಿಮಾತಿನ ಒಪ್ಪಿಗೆ. ಹನ್ನೆರಡು ದಾಟಿದರೆ ಬರವಣಿಗೆಯಲ್ಲಿ. ನೀವು ಹೌದು ಅಂದು ಅವನು ಬೇಡ ಅಂದರೆ, ಅವನ ಮಾತಿಗೂ ಬೆಲೆ ಇದೆ.

ಬೆಟಗೇರಿ ಅಪ್ಪ

ಸಿಸ್ಟರ್, ಇದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಮಗನನ್ನೂ ಕೇಳಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ರಾಣೆಬೆನ್ನೂರಿನವಳು

ಸಿಸ್ಟರ್ ಎಲ್ಲ ಹೇಳಿದರು, ನಾನು ಒಂದೇ ಸೇರಿಸುತ್ತೇನೆ. ಬೆಟಗೇರಿ ಅಣ್ಣ "ಕೊಟ್ಟರೆ ನಮಗೇನು" ಅಂತ ಕೇಳಿದರಲ್ಲ, ಬೇರೆಯವರು ಕೊಟ್ಟಿದ್ದರಿಂದ ನನಗೆ ಸಿಕ್ಕಿದೆ. ನಮ್ಮ ಓಣಿಯಲ್ಲಿ ನನ್ನ ಮಗನಿಗಿಂತ ದೊಡ್ಡ ಹುಡುಗನೊಬ್ಬನಿಗೆ ಇದೇ ಕಾಯಿಲೆ ಇತ್ತು. ಮೊದಲ ಸಲಕ್ಕೇ ಆರು ತಿಂಗಳು ಸ್ಟಿರಾಯ್ಡ್ ಕೊಟ್ಟಿದ್ದರು. ಅವನ ಬೆನ್ನ ಮೇಲೆ, ಹೊಟ್ಟೆ ಮೇಲೆ ಗೆರೆ ಬಿದ್ದಿದ್ದವು, ಎತ್ತರವೂ ನಿಂತುಬಿಟ್ಟಿತ್ತು. ನನ್ನ ಮಗನಿಗೆ ಮೂರೇ ತಿಂಗಳಿಗೆ ನಿಲ್ಲಿಸಿದರು. ಮರುಕಳಿಸಿದಾಗ ನಾನು ಡಾಕ್ಟರ ಮೇಲೆ ರೇಗಿದೆ. ಅವರಿಗೆ ಆರು ತಿಂಗಳು ಕೊಟ್ಟಿರಿ, ನಮಗೆ ಯಾಕೆ ಕೊಡಲಿಲ್ಲ ಅಂತ. ಆಗ ಅವರು ಏಮ್ಸ್‌ನವರ ಪರೀಕ್ಷೆ ಬಗ್ಗೆ ಹೇಳಿದರು. ಸಾಧನಕೇರಿ ತಮ್ಮಾ, ಅದು ಯಾವುದು ಗೊತ್ತೇನು?

ಸಾಧನಕೇರಿ ಸಂಜೆ

ಗೊತ್ತು ಅಕ್ಕ. 2015ರಲ್ಲಿ ಬಂದದ್ದು. ದೆಹಲಿಯ ಏಮ್ಸ್‌ನ ಅದಿತಿ ಸಿನ್ಹಾ, ಅರವಿಂದ್ ಬಗ್ಗಾ ಮತ್ತು ಜೊತೆಯವರು 181 ಮಕ್ಕಳಿಗೆ ಮೂರು ತಿಂಗಳಾ ಆರು ತಿಂಗಳಾ ಅಂತ ಚೀಟಿ ಎತ್ತಿದ ಹಾಗೆ ಹಂಚಿ ನೋಡಿದರು. ಆರು ತಿಂಗಳು ನುಂಗಿದವರಿಗೆ ಹೇಳಿಕೊಳ್ಳುವಂಥ ಲಾಭ ಏನೂ ಆಗಲಿಲ್ಲ. ಬ್ರಿಟನ್ನಿನವರೂ 2019ರಲ್ಲಿ 237 ಮಕ್ಕಳ ಮೇಲೆ ಎಂಟು ವಾರ, ಹದಿನಾರು ವಾರ ಹೋಲಿಸಿ ನೋಡಿದರು. ಮೊದಲ ಸಲ ಮರುಕಳಿಸುವ ಹೊತ್ತಿನಲ್ಲಿ ಅಲ್ಲೂ ವ್ಯತ್ಯಾಸ ಕಾಣಲಿಲ್ಲ.

ನಿಮ್ಮ ಮಗನ ಮೈಗೆ ಬೀಳದ ಮೂರು ತಿಂಗಳ ಗುಳಿಗೆ ಅಂದರೆ ಆ 181 ಮಕ್ಕಳ ಲೆಕ್ಕ.

ರಾಣೆಬೆನ್ನೂರಿನವಳು

ಅದೇ. ಆ ಮಕ್ಕಳ ಅಪ್ಪ ಅವ್ವ ಯಾರೋ, ಯಾವ ಊರೋ. ಹೂಂ ಅಂದಿದ್ದಾರಲ್ಲ.

ಇನ್ನೊಂದು ಕೇಳುವುದಿತ್ತು. ನೆಗಡಿ ಬಂದ ಕೂಡಲೇ ನಮ್ಮ ಹುಡುಗನಿಗೆ ಮರುಕಳಿಸುತ್ತಿತ್ತು. ಆಗ ನಮ್ಮ ಡಾಕ್ಟರು ನೆಗಡಿ ಇರುವ ದಿನಗಳಲ್ಲಿ ಸಣ್ಣ ಪ್ರಮಾಣದ ಗುಳಿಗೆಯನ್ನು ದಿನಾ ಕೊಡಿ ಅನ್ನುತ್ತಿದ್ದರು. ಈಗ ಹೊಸ ಡಾಕ್ಟರು ಬೇಡ ಅನ್ನುತ್ತಾರೆ. ಯಾರದು ಸರಿ?

ಸಾಧನಕೇರಿ ಸಂಜೆ

ಇಬ್ಬರ ಹತ್ತಿರವೂ ಕಾಗದ ಇದೆ! 2011ರಲ್ಲಿ ದೆಹಲಿಯಲ್ಲಿ 100 ಮಕ್ಕಳ ಮೇಲೆ ನೋಡಿದಾಗ ಹಾಗೆ ಕೊಟ್ಟರೆ ಮರುಕಳಿಸುವುದು ಕಡಿಮೆಯಾಯಿತು. ಬ್ರಿಟನ್ನಿನಲ್ಲಿ 365 ಮಕ್ಕಳನ್ನು ಸೇರಿಸಿಕೊಂಡು ಮಾಡಿದ ದೊಡ್ಡ ಪರೀಕ್ಷೆಯಲ್ಲಿ ಏನೂ ಲಾಭ ಕಾಣಲಿಲ್ಲ. ದೆಹಲಿಯ ಮಕ್ಕಳು ಆಗಲೇ ದಿನ ಬಿಟ್ಟು ದಿನ ಗುಳಿಗೆಯಲ್ಲಿದ್ದವರು, ಪದೇ ಪದೇ ಮರುಕಳಿಸುವವರು. ಬ್ರಿಟನ್ನಿನ ಗುಂಪಿನಲ್ಲಿ ಗುಳಿಗೆ ಇಲ್ಲದೆ ಇದ್ದವರೂ ಇದ್ದರು. ನಿಮ್ಮ ಮಗ ಯಾವ ಗುಂಪಿಗೆ ಸೇರುತ್ತಾನೆ ಎಂಬುದನ್ನು ನೋಡುವವರು ಡಾಕ್ಟರು, ನಾನಲ್ಲ.

ಹಳೇ ಹುಬ್ಬಳ್ಳಿ ಹುಲಿ

ಸರಿ. ನಾನು ಮೊದಲು ಬರೆದದ್ದನ್ನು ಅಳಿಸುವುದಿಲ್ಲ, ಆದರೆ ಅಷ್ಟು ಗಟ್ಟಿಯಾಗಿ ಈಗ ಹೇಳುವುದಿಲ್ಲ. ನಮ್ಮ ಮನೆಯಲ್ಲೂ ಒಂದು ಮಗು ಇತ್ತು, ಬೇರೆ ಕಾಯಿಲೆ. ಆಗ ನಮಗೆ ಯಾರೂ ಕೂರಿಸಿ ಏನೂ ಹೇಳಲಿಲ್ಲ. ಆ ಸಿಟ್ಟು ಇಲ್ಲಿ ಬಂತು.

ರಾಣೆಬೆನ್ನೂರಿನವಳು

ಇರಲಿ ಬಿಡಿ ಅಣ್ಣ. ಬರೆದಿದ್ದು ಒಳ್ಳೆಯದಾಯಿತು.

ಬೆಟಗೇರಿ ಅಪ್ಪ (ಸುಮಾರು ಐದು ತಿಂಗಳ ನಂತರ)

ಈ ಚರ್ಚೆ ಮರೆತಿಲ್ಲ. ಏನಾಯಿತು ಅಂತ ಹೇಳಬೇಕಲ್ವಾ.

ಮುಂದಿನ ತಿಂಗಳ ಭೇಟಿಗೆ ಸಿಸ್ಟರ್ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋದೆ. ಆ ಮೇಡಂ ಚೀಟಿ ನೋಡಿ ಮೊದಲು ಗಾಬರಿಯಾದರು. ಕನ್ನಡ ಫಾರ್ಮು ಫೈಲಿನಲ್ಲಿ ಇದೆ, ಆವತ್ತು ಗಡಿಬಿಡಿಯಲ್ಲಿ ಇಂಗ್ಲಿಷಿನದು ಕೊಟ್ಟೆ ಅಂದರು. ತಂದುಕೊಟ್ಟರು. "ಮೂತ್ರಪಿಂಡ ಸಂಬಂಧಿ ವ್ಯಾಧಿಯ ರೋಗನಿರೋಧಕ ಪ್ರತಿಕಾಯಗಳ ವಿಶ್ಲೇಷಣೆ" ಅಂತ ಶುರುವಾಗುತ್ತದೆ! ಇದಕ್ಕಿಂತ ಇಂಗ್ಲಿಷೇ ವಾಸಿ ಇತ್ತು ಅಂದೆ. ಅವರೂ ನಕ್ಕರು. ಆಮೇಲೆ ನಮ್ಮವ್ವನ ಪಕ್ಕ ಬೆಂಚಿನ ಮೇಲೆ ಕೂತು ಬಾಯಿಮಾತಿನಲ್ಲೇ ಹೇಳಿದರು. ಸಂಕೇಶ್ವರದ ಕಡೆಯವರಂತೆ, ಮಾತು ನಮ್ಮದೇ ತರಹ. ಒಂದು ಚಮಚ ಅಂದಾಗ ಅವ್ವ, "ಚಾದ ಚಮಚೇನೋ, ಊಟದ ಚಮಚೇನೋ" ಅಂತ ಕೇಳಿದಳು. ಚಹಾದ್ದು ಅಂದ ಮೇಲೆ ಸುಮ್ಮನಾದಳು. ಮೊದಲ ಪ್ರಶ್ನೆಗೆ ಹೌದು ಅಂತ ಗುರುತು ಹಾಕಿದೆ. ರಕ್ತ ಇಟ್ಟುಕೊಳ್ಳುವ ಪ್ರಶ್ನೆಗೆ ಇಲ್ಲ ಅಂದೆ. ಕೆಳಗೆ ಪೆನ್ನಿನಲ್ಲಿ "ಫಲಿತಾಂಶ ನಮಗೆ ಕನ್ನಡದಲ್ಲಿ ಹೇಳಬೇಕು" ಅಂತ ಬರೆದು ಅವರ ಹತ್ತಿರ ಸಹಿ ಹಾಕಿಸಿಕೊಂಡೆ. ಮಾಸ್ತರೇ, ಅದು ನಿಮ್ಮ ಸಲುವಾಗಿ.

ನಾಗರಪಂಚಮಿಗೆ ಅಜ್ಜಿ ಮನೆಗೆ ಹೋಗಿದ್ದ, ಅಲ್ಲಿ ಜೋಕಾಲಿ ಆಡಿ, ಮಳೆಯಲ್ಲಿ ನೆನೆದು ನೆಗಡಿ ಹಚ್ಚಿಕೊಂಡು ಬಂದ. ನಾಲ್ಕನೇ ದಿನ ಪಟ್ಟಿ ಹಸಿರು. ಐದು, ಆರು, ಅದೇ. ಮುಖ ಇನ್ನೂ ಊದಿರಲಿಲ್ಲ, ನೋಟ್‌ಬುಕ್ಕಿನಿಂದಲೇ ಗೊತ್ತಾದದ್ದು. ಮೇಡಂಗೆ ಫೋನು ಮಾಡಿದೆ, ಗುಳಿಗೆ ಕೊಡದೆ ಹಾಗೇ ಬನ್ನಿ ಅಂದರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಒಂಬತ್ತಕ್ಕೆ ಅಲ್ಲಿದ್ದೆವು.

ಅವನಿಗೆ ಏಳು ತುಂಬಿ ಹತ್ತು ದಿನ ಆಗಿತ್ತು. ಮೇಡಂ ನನ್ನನ್ನು ಬಿಟ್ಟು ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದರು. ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, "ಸೂಜಿ ಒಂದ ಸಲ ಏನು?" ಅಂದ. ಒಂದೇ ಸಲ ಅಂದರು. ಎಡಗೈ ಮುಂದೆ ಮಾಡಿದ. ಬಲಗೈ ಬೌಲಿಂಗ್ ಕೈಯಂತೆ, ಅದನ್ನು ಕೊಡುವುದಿಲ್ಲವಂತೆ. ರಕ್ತ ತೆಗೆದ ಹತ್ತು ನಿಮಿಷಕ್ಕೆ ಗುಳಿಗೆ ನುಂಗಿಸಿದೆವು. ಒಂಬತ್ತನೇ ದಿನಕ್ಕೆ ಪ್ರೋಟೀನು ನಿಂತಿತು, ಎರಡನೇ ಸಲದ ರಕ್ತವನ್ನೂ ಕೊಟ್ಟು ಬಂದೆವು. ಅವತ್ತೂ ಎಡಗೈಯೇ.

ವಾರ್ಡಿನ ಸಿಸ್ಟರ್

ಆ ಮೇಡಂ ಕುಕ್ಕರಗಾಲಲ್ಲಿ ಕೂತರು ಅಂದಿರಲ್ಲ, ಅಷ್ಟು ಸಾಕು ನನಗೆ. ಬೆಟಗೇರಿಯವರೇ, ಗುಳಿಗೆ ಮುಗಿಯುವವರೆಗೆ ಓಣಿಯಲ್ಲಿ ಯಾರಿಗಾದರೂ ಅಮ್ಮ, ಅಂದರೆ ಚಿಕನ್ ಪಾಕ್ಸ್ ಬಂದಿದ್ದರೆ ಮಗನನ್ನು ಆ ಮನೆಗೆ ಕಳಿಸಬೇಡಿ. ಅಕಸ್ಮಾತ್ ಹೋಗಿ ಬಂದಿದ್ದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಸ್ಟಿರಾಯ್ಡ್ ಮೇಲಿರುವ ಮಕ್ಕಳಿಗೆ ಅದು ಜೋರಾಗಿ ಬರುತ್ತದೆ.

ಮುಂಡರಗಿ ಮಾಸ್ತರ

ಫಲಿತಾಂಶ ಬಂತಾ?

ಬೆಟಗೇರಿ ಅಪ್ಪ

ಇನ್ನೂ ಇಲ್ಲ ಮಾಸ್ತರೇ. ಎಲ್ಲ ಮಕ್ಕಳದ್ದು ಕೂಡಿದ ಮೇಲೆ ಒಟ್ಟಿಗೆ ಲ್ಯಾಬಿಗೆ ಹಾಕುತ್ತಾರಂತೆ. ಪ್ರತಿ ತಿಂಗಳು ಸಂಬಳದ ದಿನ ನಾನೊಂದು ಮೆಸೇಜು ಹಾಕುತ್ತೇನೆ. "ಮೇಡಂ, ನಮ್ಮದು ಪಾಸ್ ಆಯಿತಾ?" ಇಷ್ಟೇ. ಹೋದ ಸಲ ನಾನು ಮರೆತಿದ್ದೆ, ಮರುದಿನ ಅವರೇ ಹಾಕಿದ್ದರು. "ಸರ್, ಇನ್ನೂ ಇಲ್ಲ."